ಸೀತಾಳೆ ದಂಡೆಯನ್ನು ಮರಕ್ಕೆ ಕಟ್ಟಿ ಬೆಳೆಸುವುದು: ಬೇರು ಹಿಡಿಯದವರು, ಹಿಡಿಸಿದವರು ಇಬ್ಬರೂ ಬರೆಯಿರಿ

ಕೊಪ್ಪದ ತೋಟಗಾರ

ಮೇ ತಿಂಗಳ ಕೊನೆಯ ವಾರ, ಮುಂಗಾರಿಗೆ ಮುಂಚಿನ ಗಾಳಿಮಳೆಗೆ, ನಮ್ಮ ಮನೆಯ ಹಿಂದಿನ ಹಳೆಯ ಹಲಸಿನ ಮರದ ದೊಡ್ಡ ಕೊಂಬೆಯೊಂದು ಮುರಿದು ಬಿತ್ತು. ಆ ಕೊಂಬೆಯ ಮೇಲೆ ಸೀತಾಳೆ ದಂಡೆ ಎಂಬ, ಮರದ ಮೇಲೆ ಬೆಳೆಯುವ ಆರ್ಕಿಡ್‌ನ ಹನ್ನೊಂದು ಗಿಡಗಳಿದ್ದವು, ನಾಲ್ಕರಲ್ಲಿ ಹೂವಿತ್ತು. ನಾನು ಹುಟ್ಟಿದಾಗಿನಿಂದ ಆ ಹೂವನ್ನು ಕತ್ತೆತ್ತಿಯೇ ನೋಡಿದ್ದೆನಲ್ಲದೆ ಕೈಯಲ್ಲಿ ಹಿಡಿದು ನೋಡಿರಲಿಲ್ಲ. ಅಂದು ಒಂದು ಗೊಂಚಲನ್ನು ಅಂಗೈಯಲ್ಲಿ ಇಟ್ಟುಕೊಂಡು ಎಣಿಸಿದಾಗ 112 ಹೂಗಳಿದ್ದವು. ಒಂದೊಂದೂ ಎರಡು ಸೆಂಟಿಮೀಟರಿನಷ್ಟು ಅಗಲ, ಬಿಳಿಯ ದಳಗಳ ಮೇಲೆ ನೇರಳೆಗೆಂಪಿನ ಚುಕ್ಕೆ, ನಡುವೆ ಅದೇ ಬಣ್ಣದ ಒಂದು ತುಟಿ, ಅದರ ಹಿಂದೆ ಪುಟ್ಟ ಚೀಲದಂಥ ಭಾಗ. ತೊಟ್ಟಿನ ಕಡೆಯ ಹೂಗಳು ಪೂರ್ತಿ ಅರಳಿದ್ದರೆ ತುದಿಯವು ಇನ್ನೂ ಮೊಗ್ಗಾಗಿದ್ದವು.

ಬಿದ್ದ ಕೊಂಬೆಯ ಮೇಲೆ ಬಿಟ್ಟರೆ ಮಳೆಗಾಲ ಮುಗಿಯುವುದರೊಳಗೆ ಗಿಡಗಳೆಲ್ಲ ಕೊಳೆತುಹೋಗುತ್ತವೆ ಎಂಬುದು ಗೊತ್ತಿತ್ತು. ಆದರೆ ಅವನ್ನು ಬಿಡಿಸಿ ಬೇರೆ ಮರಕ್ಕೆ ಕಟ್ಟಲು ನನಗೆ ಧೈರ್ಯ ಬರಲಿಲ್ಲ, ಏಕೆಂದರೆ ಐದು ವರ್ಷಗಳ ಹಿಂದೆ ಮರಗಸಿ (ತೋಟದ ಮರಗಳ ಕೊಂಬೆ ಕಡಿಯುವುದು) ಮಾಡಿಸುವಾಗ ಕೆಳಗೆ ಬಿದ್ದ ಮೂರು ಗಿಡಗಳನ್ನು ನಾನೇ ಕೈಯಾರೆ ಸಾಯಿಸಿದ್ದೆ. ಆಗ ಬೇರುಗಳ ಸುತ್ತ ಹಾವಸೆಯನ್ನೂ ಗೊಬ್ಬರ ಬೆರೆಸಿದ ಮಣ್ಣನ್ನೂ ಮುದ್ದೆ ಮಾಡಿ ಇಟ್ಟು, ಅದರ ಮೇಲೆ ಗೋಣಿತಾಟು ಸುತ್ತಿ, ಮರಕ್ಕೆ ಬಿಗಿಯಾಗಿ ಕಟ್ಟಿದ್ದೆ. ಗಿಡಕ್ಕೆ ಒಳ್ಳೆಯದು ಮಾಡುತ್ತಿದ್ದೇನೆ ಎಂದೇ ನಂಬಿದ್ದೆ. ಆಷಾಢ ಕಳೆಯುವಷ್ಟರಲ್ಲಿ ಬೇರುಗಳು ಕಂದು ಬಣ್ಣಕ್ಕೆ ತಿರುಗಿ, ಒತ್ತಿದರೆ ಸಿಪ್ಪೆ ಕಳಚಿ ಒಳಗಿನ ನಾರು ಮಾತ್ರ ಕೈಗೆ ಬರುತ್ತಿತ್ತು.

ಈ ಸಲ ಹನ್ನೊಂದರಲ್ಲಿ ಏಳನ್ನು ಬೇರೆ ಬೇರೆ ಮರಗಳಿಗೆ ಕಟ್ಟಿದ್ದೇನೆ. ಉಳಿದ ನಾಲ್ಕನ್ನು ತೊಗಟೆಯಿಂದ ಬಿಡಿಸದೆ, ಕೊಂಬೆಯನ್ನೇ ಮೊಳದುದ್ದದ ತುಂಡುಗಳಾಗಿ ಕೊಯ್ದು ಜಗಲಿಯ ಅಂಚಿನಲ್ಲಿ ತೂಗುಹಾಕಿದ್ದೇನೆ. ಈ ಗಿಡವನ್ನು ಬೆಳೆಸಿದವರು ದಯವಿಟ್ಟು ನಿಮ್ಮ ಅನುಭವ ತಿಳಿಸಿ.

ಶಿರಸಿಯ ಅಡಿಕೆ ಬೆಳೆಗಾರ

ನಮ್ಮ ಹಿರಿಯರು ಇದನ್ನು ಬಂದಳಿಕೆಯ ಜಾತಿ ಎಂದು ಹೇಳಿ, ಮಾವಿನ ಮರದ ಮೇಲೆ ಕಂಡಲ್ಲೆಲ್ಲ ಕೀಳಿಸಿ ಹಾಕುತ್ತಿದ್ದರು. ಮರದ ಸಾರವನ್ನು ಇದು ಹೀರುತ್ತದೆಯೆ ಎಂಬ ಅನುಮಾನ ನನಗೂ ಪೂರ್ತಿ ಹೋಗಿಲ್ಲ. ಕಟ್ಟುವ ಮೊದಲು ಅದನ್ನು ತಿಳಿದವರು ಯಾರಾದರೂ ಹೇಳಬೇಕು.

ಮೈಸೂರಿನ ಸಸ್ಯಶಾಸ್ತ್ರ ಅಧ್ಯಾಪಕಿ

ಈ ಅನುಮಾನ ಬಹಳ ಜನರಲ್ಲಿದೆ. ಅದರಿಂದಾಗಿ ಎಷ್ಟೋ ಗಿಡಗಳು ಹಾಳಾಗಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಂದಳಿಕೆಯ ಬೇರು ಮರದ ತೊಗಟೆಯನ್ನು ಸೀಳಿಕೊಂಡು ಒಳಗಿಳಿದು, ಮರವು ನೀರನ್ನು ಮೇಲಕ್ಕೆ ಸಾಗಿಸುವ ನಾಳಗಳಿಗೇ ಬಾಯಿ ಹಾಕುತ್ತದೆ. ಆದ್ದರಿಂದ ಅದು ಪರಾವಲಂಬಿ. ಸೀತಾಳೆ ದಂಡೆಯ ಬೇರು ತೊಗಟೆಯ ಮೇಲ್ಮೈಯನ್ನು ಅಪ್ಪಿಕೊಳ್ಳುತ್ತದೆ, ಬಿರುಕುಗಳ ಗುಂಟ ಹರಿಯುತ್ತದೆ, ಒಳಗೆ ಇಳಿಯುವುದಿಲ್ಲ. ಮರದಿಂದ ಅದು ಪಡೆಯುವುದು ನಿಲ್ಲುವ ಜಾಗ ಮತ್ತು ಸೋಸಿದ ಬೆಳಕನ್ನು ಮಾತ್ರ. ನೀರು ಮಳೆಯಿಂದಲೂ ಮಂಜಿನಿಂದಲೂ ಬರುತ್ತದೆ; ಗೊಬ್ಬರವೆಂದರೆ ತೊಗಟೆಯ ಮೇಲೆ ಇಳಿಯುವ ನೀರಿನಲ್ಲಿ ಕರಗಿರುವ ಧೂಳು, ಹಕ್ಕಿಯ ಹಿಕ್ಕೆ, ಕೊಳೆತ ಎಲೆಯ ಅಂಶ ಇಷ್ಟೆ. ನಿಮ್ಮ ಮಾವಿನ ಮರಕ್ಕೆ ಇದರಿಂದ ಯಾವ ತೊಂದರೆಯೂ ಇಲ್ಲ.

ಕೊಪ್ಪದವರ ಗಿಡಗಳು ಸತ್ತ ಕಾರಣವೂ ಇಲ್ಲಿಯೇ ಇದೆ. ಈ ಬೇರಿನ ಮೇಲೆ ವೆಲಮೆನ್ ಎಂಬ ಹೊದಿಕೆಯಿರುತ್ತದೆ. ಅದು ಸತ್ತ ಜೀವಕೋಶಗಳ ಹಲವು ಪದರ. ಒಣಗಿದಾಗ ಅದರಲ್ಲಿ ಗಾಳಿ ತುಂಬಿ ಬೇರು ಬೆಳ್ಳಗೆ ಕಾಣುತ್ತದೆ, ನೀರು ಬಿದ್ದ ಕೂಡಲೆ ಸ್ಪಂಜಿನಂತೆ ಹೀರಿಕೊಂಡು ಪಾರದರ್ಶಕವಾಗಿ, ಒಳಗಿನ ಹಸಿರು ಹೊರಗೆ ಕಾಣಿಸುತ್ತದೆ. ಹೀಗೆ ಒದ್ದೆಯಾಗುವುದು ಎಷ್ಟು ಮುಖ್ಯವೋ ಮತ್ತೆ ಬೇಗ ಒಣಗುವುದೂ ಅಷ್ಟೇ ಮುಖ್ಯ. ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಆಗುಂಬೆಯ ಸುತ್ತಿನ ಕಾಡುಗಳಲ್ಲಿ ಇಂಥ ಗಿಡಗಳು ಮರದ ಮೇಲೆ ಬರಿಮೈಯಲ್ಲಿ ನಿಂತು ಬದುಕುತ್ತವೆ, ಏಕೆಂದರೆ ಅಲ್ಲಿ ಬಿದ್ದ ನೀರು ಹರಿದುಹೋಗುತ್ತದೆ, ಗಾಳಿ ಆಡುತ್ತದೆ. ಬೇರನ್ನು ಕೊಳೆಸುವುದು ನಿಂತ ನೀರು. ಮಣ್ಣಿನ ಮುದ್ದೆಯೊಳಗೆ ಸಿಕ್ಕಿಕೊಂಡ ಬೇರಿಗೆ ಉಸಿರಾಡಲು ಗಾಳಿಯಿರುವುದಿಲ್ಲ.

ಇದರ ಕುಲದ ಹೆಸರು ರಿಂಕೊಸ್ಟೈಲಿಸ್. ಗ್ರೀಕ್ ಭಾಷೆಯಲ್ಲಿ ಕೊಕ್ಕು ಮತ್ತು ಕಂಬ ಎಂಬ ಎರಡು ಪದಗಳು ಸೇರಿ ಆದ ಹೆಸರು ಅದು. ಹೂವಿನ ನಡುವಿನ ಕಂಬ ಕೊಕ್ಕಿನಂತೆ ಚಾಚಿರುವುದನ್ನು ನೋಡಿ ಬ್ಲೂಮ್ ಎಂಬ ಸಸ್ಯವಿಜ್ಞಾನಿ 1825ರಲ್ಲಿ ಇದನ್ನು ಇಟ್ಟರು. ನಮ್ಮ ಸೀತಾಳೆ ದಂಡೆ ರಿಂಕೊಸ್ಟೈಲಿಸ್ ರೆಟೂಸ. ರೆಟೂಸ ಎಂದರೆ ತುದಿ ಮೊಂಡಾದದ್ದು, ಎಲೆಯ ತುದಿಯನ್ನು ಯಾವುದೋ ಹುಳು ಕಚ್ಚಿ ತಿಂದಂತೆ ಇರುವುದನ್ನು ನೀವೆಲ್ಲ ಗಮನಿಸಿರಬಹುದು. ಲಿನೇಯಸ್ 1753ರಲ್ಲಿ ಇದನ್ನು ಎಪಿಡೆಂಡ್ರಮ್, ಅಂದರೆ ಮರದ ಮೇಲಿನದು, ಎಂಬ ಕುಲದಲ್ಲಿ ಇಟ್ಟಿದ್ದರು. ಅವರಿಗೆ ಆಧಾರವಾದದ್ದು ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ ಸಿದ್ಧಪಡಿಸಿದ ಹೋರ್ಟಸ್ ಮಲಬಾರಿಕಸ್ ಗ್ರಂಥದ ಹನ್ನೆರಡನೆಯ ಸಂಪುಟದ ಚಿತ್ರ. ಅಲ್ಲಿ ಇದರ ಹೆಸರು ಅಂಜಿಲಿ ಮರವಾರ. ಅಂಜಿಲಿ ಎಂದರೆ ನಮ್ಮ ಹೆಬ್ಬಲಸು. ಮಲೆಯಾಳದ ವೈದ್ಯರು ಹೆಬ್ಬಲಸಿನ ಮರದ ಹೆಸರಿನಿಂದ ಗುರುತಿಸುತ್ತಿದ್ದ ಗಿಡ ಮುನ್ನೂರು ವರ್ಷಗಳ ಮೇಲೆ ಕೊಪ್ಪದಲ್ಲಿ ಹಲಸಿನ ಕೊಂಬೆಯಿಂದಲೇ ಕೆಳಗೆ ಬಿದ್ದಿತೆಂದು ಓದಿ ನನಗೆ ಬಹಳ ಸಂತೋಷವಾಯಿತು.

ಶಿರಸಿಯ ಅಡಿಕೆ ಬೆಳೆಗಾರ

ತುಂಬ ಉಪಕಾರವಾಯಿತು. ಹಾಗಾದರೆ ನಾನು ಮರಗಳ ಬಗ್ಗೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಬೆಟ್ಟದಲ್ಲಿ ಇದು ಹೆಚ್ಚಾಗಿ ಕಾಣುವುದು ಮಾವು, ಹಲಸು, ಮತ್ತಿ ಮರಗಳ ಮೇಲೆ, ಅಂದರೆ ತೊಗಟೆ ಒರಟಾಗಿದ್ದು ಬೇಗ ಕಳಚಿಕೊಳ್ಳದ ಮರಗಳ ಮೇಲೆ. ಪೇರಲೆಯ ಮರಕ್ಕೆ ಕಟ್ಟಬೇಡಿ. ಅದರ ಸಿಪ್ಪೆ ಪದರಪದರವಾಗಿ ಉದುರುವಾಗ ಬೇರೂ ಜೊತೆಗೆ ಬಿದ್ದುಹೋಗುತ್ತದೆ. ನೀಲಗಿರಿಯದೂ ಅದೇ ಕಥೆ. ಅಡಿಕೆ ಮರ ನುಣುಪಾಗಿರುವುದರಿಂದ ಹಿಡಿತ ಸಿಗುವುದು ನಿಧಾನ. ಅದಕ್ಕಿಂತ ಮುಖ್ಯವಾದ ಮಾತು, ಕೊಳೆರೋಗಕ್ಕೆ ನಾವು ಹೊಡೆಯುವ, ಮೈಲುತುತ್ತು ಮತ್ತು ಸುಣ್ಣದ ಬೋರ್ಡೋ ದ್ರಾವಣ ಗಿಡದ ಮೇಲೆಲ್ಲ ಸುರಿಯುತ್ತದೆ. ಎಳೆಯ ಬೇರಿನ ತುದಿಗೆ ತಾಮ್ರ ಬೀಳುವುದು ಒಳ್ಳೆಯದಲ್ಲ. ಅಡಿಕೆ ತೋಟದ ಅಂಚಿನ ಮರಗಳಿಗೆ ಕಟ್ಟಿದವರು ಔಷಧಿ ಹೊಡೆಯುವ ದಿನ ಗಿಡಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸಂಜೆ ತೆಗೆಯಬೇಕು.

ಕೊಪ್ಪದ ತೋಟಗಾರ

ಕಟ್ಟಿದ ರೀತಿಯನ್ನು ಬರೆಯುತ್ತೇನೆ, ತಪ್ಪಿದ್ದರೆ ತಿದ್ದಿ. ಬೇರುಗಳನ್ನು ತೊಗಟೆಯಿಂದ ಎಳೆಯದೆ, ಕೊಯ್ಯುವ ಕತ್ತಿಯ ಮೊನೆಯಿಂದ ತೊಗಟೆಯ ತೆಳುವಾದ ಚೂರನ್ನೂ ಸೇರಿಸಿಯೇ ಬಿಡಿಸಿದೆ. ಹಾಗಿದ್ದೂ ಅರ್ಧದಷ್ಟು ಬೇರುಗಳು ತುಂಡಾದವು. ಮುರಿದ ತುದಿಗಳನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ, ಒಂದು ದಿನ ನೆರಳಿನಲ್ಲಿ ಗಾಯ ಒಣಗಲು ಬಿಟ್ಟೆ. ಹೂಗೊಂಚಲುಗಳನ್ನು ತೆಗೆದುಬಿಟ್ಟೆ; ಮನಸ್ಸಿಗೆ ಕಷ್ಟವಾಯಿತು, ಆದರೆ ಬೇರು ಕಳೆದುಕೊಂಡ ಗಿಡ ನೂರು ಹೂಗಳನ್ನು ಹೊರಬಾರದು ಎನಿಸಿತು. ನೆಲದಿಂದ ಆಳೆತ್ತರಕ್ಕಿಂತ ಮೇಲೆ, ಪೂರ್ವದ ಬಿಸಿಲು ಬೀಳುವ ಮಗ್ಗುಲಿನಲ್ಲಿ, ಹಳೆಯ ಹತ್ತಿ ಸೀರೆಯ ಪಟ್ಟಿಗಳಿಂದ ಕಾಂಡದ ಬುಡವನ್ನು ಅಲುಗಾಡದಂತೆ ಕಟ್ಟಿದೆ. ಈ ಸಲ ಬೇರಿನ ಮೇಲೆ ಏನನ್ನೂ ಹೊದಿಸಲಿಲ್ಲ. ಸುಳಿ ಮೇಲ್ಮುಖವಾಗಿ ಬಟ್ಟಲಿನಂತೆ ನಿಂತರೆ ಅದರಲ್ಲಿ ಮಳೆನೀರು ನಿಂತು ಕೊಳೆಯುತ್ತದೆಂದು ಗಿಡವನ್ನು ಹೊರಮುಖವಾಗಿ, ತುಸು ಕೆಳಕ್ಕೆ ಬಾಗುವಂತೆ ಕೂರಿಸಿದ್ದೇನೆ.

ಮೈಸೂರಿನ ಸಸ್ಯಶಾಸ್ತ್ರ ಅಧ್ಯಾಪಕಿ

ಸರಿಯಾಗಿ ಮಾಡಿದ್ದೀರಿ. ಅದರಲ್ಲೂ ಅಲುಗಾಡದಂತೆ ಕಟ್ಟಿದ್ದು ಎಲ್ಲಕ್ಕಿಂತ ಮುಖ್ಯ, ಏಕೆಂದರೆ ಗಾಳಿಗೆ ಗಿಡ ಒಂದಿಷ್ಟು ಹೊಯ್ದಾಡಿದರೂ ಹೊಸ ಬೇರಿನ ಮೃದುವಾದ ಹಸಿರು ತುದಿ ತೊಗಟೆಗೆ ಉಜ್ಜಿ ಸತ್ತುಹೋಗುತ್ತದೆ, ಮತ್ತೆ ಆ ಬೇರು ಮುಂದಕ್ಕೆ ಬೆಳೆಯುವುದು ಕಷ್ಟ. ತಂತಿಯಿಂದ ಕಟ್ಟಬೇಡಿ. ಹತ್ತಿಯ ಪಟ್ಟಿ ಒಂದೆರಡು ವರ್ಷಕ್ಕೆ ತಾನೇ ಶಿಥಿಲವಾಗುವ ಹೊತ್ತಿಗೆ ಬೇರು ಹಿಡಿದಿರುತ್ತದೆ. ಬೇರು ಹೊಸ ತುದಿ ಬಿಡುವ ಮುಂಗಾರಿನ ಆರಂಭವೇ ಕಟ್ಟಲು ಸರಿಯಾದ ಕಾಲ. ಚಳಿಗಾಲದಲ್ಲಿ ಕಟ್ಟಿದ ಗಿಡ ಮುಂದಿನ ಮಳೆಯವರೆಗೆ ಸುಮ್ಮನೆ ಸುಕ್ಕುಗಟ್ಟುತ್ತ ಕಾಯುತ್ತದೆ.

ಬೆಂಗಳೂರಿನ ತಾರಸಿ

ನನ್ನಲ್ಲಿ ಮರವಿಲ್ಲ, ಮೂರನೆಯ ಮಹಡಿಯ ತಾರಸಿ ಮತ್ತು ಐವತ್ತು ಶೇಕಡಾ ನೆರಳಿನ ಹಸಿರು ಪರದೆ ಇವೆ. ಎರಡು ವರ್ಷಗಳ ಹಿಂದೆ ಒಂದು ಸಸ್ಯಮೇಳದಲ್ಲಿ ಸೀತಾಳೆ ದಂಡೆಯೆಂದು ಮೂರು ಗಿಡಗಳನ್ನು ಕೊಂಡೆ. ಎಲೆಗಳ ಮೇಲೆ ಕಲ್ಲುಹೂವಿನ ಕಲೆಗಳಿದ್ದವು, ಬೇರುಗಳೆಲ್ಲ ಅಂಗುಲದಷ್ಟಕ್ಕೆ ಮುರಿದಿದ್ದವು, ಒಂದೆರಡಕ್ಕೆ ಮರದ ತೊಗಟೆ ಇನ್ನೂ ಅಂಟಿಕೊಂಡಿತ್ತು. ಅದರ ಅರ್ಥ ಆಗ ನನಗೆ ತಿಳಿಯಲಿಲ್ಲ. ಮೂರೂ ಒಂದು ವರ್ಷದೊಳಗೆ ಸತ್ತವು. ಕಾಡಿನಿಂದ ಕಿತ್ತು ತಂದ ಗಿಡಗಳನ್ನು ಹಣ ಕೊಟ್ಟು ಕೊಂಡು, ಅಂಥ ಇನ್ನಷ್ಟು ಕೀಳುವವರಿಗೆ ನಾನೂ ನೆರವಾದೆನಲ್ಲ ಎಂಬ ನೋವು ಇಂದಿಗೂ ಇದೆ.

ಆಮೇಲೆ ಪ್ರಯೋಗಾಲಯದಲ್ಲಿ ಬೀಜದಿಂದ ಬೆಳೆಸಿದ ರಿಂಕೊಸ್ಟೈಲಿಸ್ ಜೈಗ್ಯಾಂಟಿಯದ ಎರಡು ಸಸಿಗಳನ್ನು ತಂದೆ. ಅವು ಮರದ ಪಟ್ಟಿಗಳ ಬುಟ್ಟಿಯಲ್ಲಿವೆ, ತಳದಲ್ಲಿ ಬರಿ ಇದ್ದಿಲಿನ ದೊಡ್ಡ ತುಂಡುಗಳಿವೆ. ಆದರೆ ಬೇರಿನ ಮೇಲೆ ಬಿಳಿಯ ಹರಳು ಕಟ್ಟಿದಂತೆ ಕಾಣುತ್ತಿದೆ, ಬೇರಿನ ತುದಿಗಳು ಕಪ್ಪಾಗಿ ನಿಲ್ಲುತ್ತಿವೆ. ನೀರು ಕೊಳವೆಬಾವಿಯದು. ವಾರಕ್ಕೊಮ್ಮೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡಾ 19 ಇರುವುದು) ಲೀಟರಿಗೆ ಎರಡು ಗ್ರಾಮಿನಂತೆ ಹಾಕುತ್ತಿದ್ದೇನೆ.

ಸಿಂಗಪುರದ ಕನ್ನಡಿಗ

ಎರಡು ಗ್ರಾಂ ಬಹಳ ಹೆಚ್ಚಾಯಿತು. ಕೊಳವೆಬಾವಿಯ ಗಡಸು ನೀರಿನಲ್ಲಿ ಲವಣ ಮೊದಲೇ ಇರುತ್ತದೆ, ಅದರ ಮೇಲೆ ಗೊಬ್ಬರದ ಲವಣ ಸೇರುತ್ತದೆ, ಬೇರು ಒಣಗಿದಾಗಲೆಲ್ಲ ಎರಡೂ ವೆಲಮೆನ್ ಪದರದಲ್ಲಿಯೇ ಉಳಿದು ತುದಿಯನ್ನು ಸುಡುತ್ತವೆ. ಲೀಟರಿಗೆ ಅರ್ಧ ಗ್ರಾಂ ಹಾಕಿದರೆ ಸಾರಜನಕ 95 ಮಿಲಿಗ್ರಾಮಿನಷ್ಟಾಗುತ್ತದೆ, ಬೆಳೆಯುವ ಕಾಲದಲ್ಲಿ ಅದು ಸಾಕು. ಗೊಬ್ಬರ ಕೊಡುವ ಮೊದಲು ಬರಿ ನೀರಿನಿಂದ ಬೇರು ಹಸಿರಾಗುವವರೆಗೆ ನೆನೆಸಿ. ತಿಂಗಳಿಗೆರಡು ಸಲ ತಾರಸಿಯ ಮೇಲೆ ಹಿಡಿದಿಟ್ಟ ಮಳೆನೀರಿನಿಂದ ಬುಟ್ಟಿಯನ್ನು ಚೆನ್ನಾಗಿ ತೊಳೆಯಿರಿ.

ಜೈಗ್ಯಾಂಟಿಯದ ಬಗ್ಗೆ ಇನ್ನೊಂದು ಮಾತು. ಇದು ಥಾಯ್ಲೆಂಡ್, ಮ್ಯಾನ್ಮಾರ್, ಲಾವೋಸ್, ವಿಯೆಟ್ನಾಮುಗಳ ಗಿಡ. ಥಾಯ್ ಜನ ಇದನ್ನು ಛಾಂಗ್, ಅಂದರೆ ಆನೆ, ಎಂದು ಕರೆಯುತ್ತಾರೆ. ಕೆಂಪು ಹೂವಿನದು ಕೆಂಪಾನೆ, ಬಿಳಿಯದು ಬಿಳಿಯಾನೆ. ವಿಯೆಟ್ನಾಮಿನಲ್ಲಿ ಇದಕ್ಕೆ ವಸಂತವನ್ನು ಸ್ವಾಗತಿಸುವ ಹೂವೆಂಬ ಹೆಸರಿದೆ, ಏಕೆಂದರೆ ಅವರ ಹೊಸವರ್ಷವಾದ ತೆತ್ ಹಬ್ಬದ ಹೊತ್ತಿಗೆ ಇದು ಅರಳುತ್ತದೆ. ಸೀತಾಳೆ ದಂಡೆ ಬೇಸಗೆಯ ಕೊನೆಗೆ ಹೂ ಬಿಟ್ಟರೆ ಇದು ಚಳಿಗಾಲದಲ್ಲಿ ಬಿಡುತ್ತದೆ. ಎಲೆ ಅಗಲ, ಗೊಂಚಲು ಗಿಡ್ಡ, ಪರಿಮಳ ಮಾತ್ರ ಒಂದು ಗಿಡದಿಂದಲೇ ಇಡೀ ಜಗಲಿಯನ್ನು ತುಂಬುವಷ್ಟು. ಬೆಂಗಳೂರಿನ ಡಿಸೆಂಬರ್ ಜನವರಿಯ ರಾತ್ರಿಗಳಲ್ಲಿ ಇದನ್ನು ಗೋಡೆಯ ಮಗ್ಗುಲಿಗೆ ಸರಿಸಿ, ಆ ತಿಂಗಳುಗಳಲ್ಲಿ ಬೆಳಗ್ಗೆ ಮಾತ್ರ ನೀರು ಕೊಡಿ. ಇದೇ ಕುಲದ ಸೀಲೆಸ್ಟಿಸ್ ಎಂಬ ಮೂರನೆಯದು ನನ್ನ ಬಳಿ ಇದೆ. ಅದರ ಹೂಗೊಂಚಲು ಜೋಲದೆ ನೆಟ್ಟಗೆ ನಿಲ್ಲುತ್ತದೆ, ಬಣ್ಣ ನೀಲಿಯ ಕಡೆಗೆ ಹೋಗುತ್ತದೆ. ಗಿಡ ಚಿಕ್ಕದಾದ್ದರಿಂದ ತಾರಸಿಯವರಿಗೆ ಅದು ಇನ್ನೂ ಸುಲಭ.

ಬೆಂಗಳೂರಿನ ತಾರಸಿ

ಇಂದಿನಿಂದಲೇ ಅರ್ಧ ಗ್ರಾಮಿಗೆ ಇಳಿಸುತ್ತೇನೆ. ದಿನಕ್ಕೆ ಎಷ್ಟು ಸಲ ನೀರು ಹಾಕಬೇಕು ಎಂಬುದು ಮಾತ್ರ ನನಗೆ ಎಂದೂ ಖಚಿತವಾಗಿಲ್ಲ.

ಕೊಪ್ಪದ ತೋಟಗಾರ

ಜಗಲಿಯಲ್ಲಿ ತೂಗುಹಾಕಿದ ನಾಲ್ಕು ಗಿಡಗಳಿಗೆ ಮಳೆ ಬೀಳುವುದಿಲ್ಲವಾದ್ದರಿಂದ ನಾನೂ ಇದನ್ನೇ ಯೋಚಿಸಬೇಕಾಯಿತು. ಸಲದ ಲೆಕ್ಕವನ್ನು ಬಿಟ್ಟು ಬೇರಿನ ಬಣ್ಣ ನೋಡತೊಡಗಿದೆ. ಬೆಳಗ್ಗೆ ಏಳಕ್ಕೆ ನೀರು ಎರಚಿದಾಗ ಮೊದಲು ನೀರು ಜಾರಿಹೋಗುತ್ತದೆ, ಒಣ ವೆಲಮೆನ್ ಕೂಡಲೆ ಕುಡಿಯುವುದಿಲ್ಲ. ಹತ್ತು ನಿಮಿಷ ಬಿಟ್ಟು ಮತ್ತೊಮ್ಮೆ ಎರಚಿದರೆ ಬೇರು ಬುಡದಿಂದ ತುದಿಯವರೆಗೆ ಹಸಿರಾಗುತ್ತದೆ. ಬಿಸಿಲಿದ್ದ ದಿನ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೆಳ್ಳಗಾಗುತ್ತದೆ, ಆಗ ಸಂಜೆಗೆ ಮುಂಚೆ ಇನ್ನೊಮ್ಮೆ ಕೊಡುತ್ತೇನೆ. ಮೋಡ ಮುಚ್ಚಿದ ದಿನ ಮರುದಿನ ಬೆಳಗ್ಗೆಯೂ ಹಸಿರಾಗಿಯೇ ಇದ್ದರೆ ಕೊಡುವುದೇ ಇಲ್ಲ. ನಿಮ್ಮ ಬುಟ್ಟಿಯಲ್ಲಿ ಇದ್ದಿಲಿನ ನಡುವಿನ ಬೇರು ಹೊರಗಿನದಕ್ಕಿಂತ ತಡವಾಗಿ ಒಣಗುತ್ತದೆ, ಒಳಗಿನದನ್ನು ನೋಡಿ ತೀರ್ಮಾನಿಸಿ.

ಬೆಳಕಿಗೂ ಇಂಥದೇ ಗುರುತಿದೆ. ಎಲೆ ಕಡುಹಸಿರಾಗಿ ಮೆತ್ತಗೆ ಜೋತುಬಿದ್ದರೆ ನೆರಳು ಹೆಚ್ಚಾಗಿದೆ. ತುಸು ಹಳದಿ ಬೆರೆತ ಹಸಿರು, ಗಟ್ಟಿಯಾದ ಎಲೆ ಇದ್ದರೆ ಹೂ ಬರುವ ಬೆಳಕು ಸಿಕ್ಕಿದೆ.

ಜೋರ್ಹಾಟಿನಿಂದ

ಕೆಲಸದ ನಿಮಿತ್ತ ಆರು ವರ್ಷಗಳಿಂದ ಅಸ್ಸಾಮಿನಲ್ಲಿದ್ದೇನೆ, ಊರು ತೀರ್ಥಹಳ್ಳಿಯ ಕಡೆ. ನಮ್ಮ ಸೀತಾಳೆ ದಂಡೆಯೇ ಇಲ್ಲಿನ ಕೊಪೌ ಫೂಲ್, ರಾಜ್ಯದ ಹೂವು. ಅರುಣಾಚಲ ಪ್ರದೇಶದ ರಾಜ್ಯಪುಷ್ಪವೂ ಇದೇ. ಏಪ್ರಿಲ್ ನಡುವಿನಲ್ಲಿ ಬರುವ ರೊಂಗಾಲಿ ಬಿಹುವಿಗೆ ಕುಣಿಯುವ ಹುಡುಗಿಯರು ಇದರ ಗೊಂಚಲನ್ನು ತುರುಬಿಗೆ ಸುತ್ತಿಕೊಳ್ಳುತ್ತಾರೆ. ಮೊದಲ ವರ್ಷ ಅದನ್ನು ಕಂಡಾಗ ನನಗೆ ಅಜ್ಜಿಯ ಮಾತು ನೆನಪಾಯಿತು. ವನವಾಸದಲ್ಲಿ ಸೀತಮ್ಮ ಮುಡಿದ ದಂಡೆ ಎಂದು ಅವರು ಹೇಳುತ್ತಿದ್ದರು. ಮರಾಠಿಯವರು ಸೀತೆಯ ವೇಣಿ ಎನ್ನುತ್ತಾರಂತೆ. ಹೆಸರು ಬೇರೆಯಾದರೂ ಎಲ್ಲ ಕಡೆಯೂ ಇದು ಹೆಣ್ಣಿನ ಜಡೆಯ ಹೂವೇ ಆಗಿರುವುದು ನನಗೆ ಬಹಳ ಆಪ್ತವಾದ ಸಂಗತಿ.

ಬೆಳೆಸುವ ವಿಚಾರಕ್ಕೆ ಬಂದರೆ, ನಮ್ಮ ನೆರೆಮನೆಯಾಕೆ ಅಂಗಳದ ಮಾವಿನ ಮರದಲ್ಲಿ ಬೆಳೆಸಿರುವ ಗಿಡವನ್ನು ಅವರ ಅತ್ತೆ ಕಟ್ಟಿದ್ದಂತೆ. ಆ ಮರದ ಹತ್ತಿರ ನಿಂತು ನೋಡಿದರೆ ಬೇರುಗಳು ಬೆರಳಿನ ಗಾತ್ರಕ್ಕೆ ದಪ್ಪವಾಗಿ, ಕಾಂಡವನ್ನು ಸುತ್ತಿ, ಗಿಡದಿಂದ ಎರಡು ಮಾರು ದೂರದವರೆಗೆ ಹೋಗಿವೆ. ಆಕೆ ಗೊಬ್ಬರ ಹಾಕುವುದಿಲ್ಲ. ಮಳೆಯಿಲ್ಲದ ತಿಂಗಳುಗಳಲ್ಲಿ ಅಕ್ಕಿ ತೊಳೆದ ನೀರನ್ನು ದಿನ ಬಿಟ್ಟು ದಿನ ಎರಚುತ್ತಾರೆ, ಅಷ್ಟೆ. ಕಟ್ಟಿದ ಮೇಲೆ ಮೊದಲ ಎರಡು ವರ್ಷ ಹೂ ಬರಲಿಲ್ಲವಂತೆ. ಹೂ ಬರಲಿಲ್ಲವೆಂದು ಜಾಗ ಬದಲಿಸಿದವರು ಮತ್ತೆ ಎರಡು ವರ್ಷ ಕಾದರು ಎಂದು ಆಕೆ ಹೇಳಿದರು.

ಬೆಂಗಳೂರಿನ ತಾರಸಿ

ಸೀತಾಳೆ ದಂಡೆಯ ಕಾಯಿಯಿಂದ ಮನೆಯಲ್ಲೇ ಸಸಿ ಮಾಡಬಹುದೆ? ಹಾಗಾದರೆ ಕಾಡಿನ ಗಿಡಕ್ಕೆ ಯಾರೂ ಕೈಹಾಕುವ ಅಗತ್ಯವಿರುವುದಿಲ್ಲ.

ಮೈಸೂರಿನ ಸಸ್ಯಶಾಸ್ತ್ರ ಅಧ್ಯಾಪಕಿ

ಮನೆಯಲ್ಲಿ ಬಹಳ ಕಷ್ಟ. ಒಂದು ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿದ್ದರೂ ಅವು ಧೂಳಿನಂತೆ ಸಣ್ಣವು, ಮೊಳಕೆಗೆ ಬೇಕಾದ ಆಹಾರದ ದಾಸ್ತಾನು ಅವುಗಳಲ್ಲಿ ಇರುವುದಿಲ್ಲ. ಕಾಡಿನಲ್ಲಿ ತೊಗಟೆಯ ಮೇಲಿನ ಒಂದು ಬಗೆಯ ಶಿಲೀಂಧ್ರ ಬೀಜದೊಳಗೆ ಹೊಕ್ಕು ಅದಕ್ಕೆ ಉಣಿಸಿದರೆ ಮಾತ್ರ ಮೊಳೆಯುತ್ತದೆ. ಲಕ್ಷದಲ್ಲಿ ಒಂದಕ್ಕೆ ಅಂಥ ಜಾಗ ಸಿಕ್ಕರೆ ಅದೇ ಹೆಚ್ಚು. 1922ರಲ್ಲಿ ಲೂಯಿಸ್ ನಡ್ಸನ್ ಎಂಬ ಅಮೆರಿಕದ ವಿಜ್ಞಾನಿ ಸಕ್ಕರೆ ಮತ್ತು ಲವಣಗಳ ಮಾಧ್ಯಮದಲ್ಲಿ, ಶಿಲೀಂಧ್ರದ ನೆರವಿಲ್ಲದೆಯೇ ಆರ್ಕಿಡ್ ಬೀಜಗಳನ್ನು ಮೊಳೆಯಿಸಿ ತೋರಿಸಿದರು. ಇಂದಿನ ಪ್ರಯೋಗಾಲಯಗಳ ಸಸಿಗಳೆಲ್ಲ ಆ ದಾರಿಯವೇ. ಆದರೆ ಅದಕ್ಕೆ ಪೂರ್ತಿ ನಂಜುರಹಿತವಾದ ಕೋಣೆ ಬೇಕು, ಇಲ್ಲವಾದರೆ ಸಕ್ಕರೆಗೆ ಬೂಷ್ಟು ಬಂದು ಎರಡೇ ದಿನದಲ್ಲಿ ಶೀಶೆ ಹಾಳಾಗುತ್ತದೆ. ಸಸಿಗಳನ್ನು ಕೊಳ್ಳುವವರು ಬೀಜದಿಂದ ಬೆಳೆಸಿದ್ದೇ ಎಂದು ಕೇಳಿ ಕೊಳ್ಳಿರಿ. ಪ್ರಯೋಗಾಲಯದ ಸಸಿಗಳು ಒಂದೇ ಅಳತೆಯವಾಗಿರುತ್ತವೆ, ಎಲೆ ಶುಭ್ರವಾಗಿರುತ್ತದೆ, ಬೇರು ಇಡಿಯಾಗಿರುತ್ತದೆ. ತಾರಸಿಯವರು ಬರೆದ ಕಲ್ಲುಹೂವು, ಮುರಿದ ಬೇರು, ಅಂಟಿದ ತೊಗಟೆ ಈ ಮೂರೂ ಕಾಡಿನ ಗುರುತುಗಳು. ಅರಣ್ಯದಿಂದ ಅನುಮತಿಯಿಲ್ಲದೆ ಕೀಳುವುದು ಅಪರಾಧ, ದೇಶದಾಚೆಗೆ ಸಾಗಿಸುವುದಕ್ಕೆ ಅಂತರರಾಷ್ಟ್ರೀಯ ಒಪ್ಪಂದದ ನಿರ್ಬಂಧ ಎಲ್ಲ ಆರ್ಕಿಡ್‌ಗಳಿಗೂ ಇದೆ.

ಕಾಫಿ ತೋಟಗಳವರಲ್ಲಿ ನನ್ನದೊಂದು ವಿನಂತಿ. ಮರಗಸಿಯ ಕಾಲವೂ ಇದರ ಹೂವಿನ ಕಾಲವೂ ಹೆಚ್ಚುಕಡಿಮೆ ಒಂದೇ. ಕಡಿಯುವ ಕೊಂಬೆಯ ಮೇಲೆ ಗಿಡವಿದ್ದರೆ ಸೌದೆಯ ರಾಶಿಗೆ ಹೋಗುವ ಮೊದಲು ಕೊಂಬೆಯ ಆ ತುಂಡನ್ನು ಬೇರೆ ಇಡಿಸಿ, ಅದೇ ವಾರ ತೋಟದ ಇನ್ನೊಂದು ಮರದ ಕವಲಿಗೆ ತುಂಡಿನ ಸಮೇತ ಕಟ್ಟಿಸಿ.

ಕೊಪ್ಪದ ತೋಟಗಾರ

ಇಂದು ಸೆಪ್ಟೆಂಬರ್ 14. ಮಳೆ ಇಳಿದಿದೆ, ಏಣಿ ಹಾಕಿ ಎಲ್ಲ ಗಿಡಗಳನ್ನೂ ನೋಡಿ ಬಂದೆ.

ಮರಕ್ಕೆ ಕಟ್ಟಿದ ಏಳರಲ್ಲಿ ಐದು ಬದುಕಿವೆ. ಒಂದರ ಸುಳಿ ಕೊಳೆತಿದೆ. ಅದು ಮೇಲಿನ ಕವಲಿನಿಂದ ನೀರು ಧಾರೆಯಾಗಿ ಇಳಿಯುವ ಜಾಗವೆಂಬುದನ್ನು ಕಟ್ಟುವಾಗ ಬಿಸಿಲಿದ್ದುದರಿಂದ ನಾನು ಗಮನಿಸಿರಲಿಲ್ಲ. ಇನ್ನೊಂದರ ಬೇರಿನ ತುದಿಗಳನ್ನೆಲ್ಲ ಬಸವನಹುಳು ತಿಂದಿದೆ, ಹೊಸದಾಗಿ ಬಿಡುತ್ತದೆಯೋ ನೋಡಬೇಕು. ತೊಗಟೆಯಿಂದ ಬಿಡಿಸದೆ ತುಂಡಿನ ಸಮೇತ ಇಟ್ಟ ನಾಲ್ಕೂ ಏನೂ ಆಗದವರಂತೆ ಇವೆ, ಅವುಗಳ ಒಂದು ಎಲೆಯೂ ಸುಕ್ಕಾಗಿಲ್ಲ. ಅಧ್ಯಾಪಕಿಯವರು ಹೇಳಿದ ಹಾಗೆ ಅವನ್ನು ತುಂಡಿನ ಸಮೇತವೇ ನಾಳೆ ಮತ್ತಿಯ ಮರದ ಕವಲಿಗೆ ಕಟ್ಟಿಸುತ್ತೇನೆ. ಮುಂದೆ ಯಾವ ಕೊಂಬೆ ಬಿದ್ದರೂ ನಾನು ಬೇರನ್ನು ಬಿಡಿಸಲು ಹೋಗುವುದಿಲ್ಲ.

ಬದುಕಿದ ಐದರಲ್ಲಿ ಮಾವಿನ ಮರದ್ದು ಎಲ್ಲಕ್ಕಿಂತ ಮುಂದಿದೆ. ಕಾಂಡದ ಬುಡದಿಂದ ಎರಡು ಹೊಸ ಬೇರುಗಳು ಹೊರಟಿವೆ. ಒಂದು ಇನ್ನೂ ಗಾಳಿಯಲ್ಲಿದೆ, ಇನ್ನೊಂದು ತೊಗಟೆಯನ್ನು ಮುಟ್ಟಿ, ಮುಟ್ಟಿದ ಕಡೆ ಚಪ್ಪಟೆಯಾಗಿ, ಒಂದು ಬಿರುಕಿನೊಳಗೆ ನಾಲ್ಕು ಸೆಂಟಿಮೀಟರ್ ಸಾಗಿದೆ. ತುದಿಯ ಒಂದು ಸೆಂಟಿಮೀಟರ್ ಎಳೆ ಅವರೆಕಾಳಿನ ಹಸಿರು. ಉಗುರು ತಾಗಿಸದೆ, ಸೀರೆಯ ಪಟ್ಟಿಯನ್ನು ಅದರ ದಾರಿಯಿಂದ ಬೆರಳಗಲ ಮೇಲಕ್ಕೆ ಸರಿಸಿ ಕೆಳಗಿಳಿದೆ.